ಧೂಮಾನುಮಾನವೂ ರೋಗಾನುಮಾನವೂ

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಪ್ರಸಿದ್ಧ ದೃಷ್ಟಾಂತ. ಅದೇ ಹೊಗೆಯಿಂದ ಅರ್ಬುದವನ್ನು, ಎಂದರೆ ಕ್ಯಾನ್ಸರ್ ರೋಗವನ್ನು, ಊಹಿಸಹೊರಟಾಗ ಆ ದೃಷ್ಟಾಂತವು ಸಾಲದು. ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟು, ಹೊಗೆ ತುಂಬಿದ ಮನೆಗಳಲ್ಲೆಲ್ಲ ಅರ್ಬುದವಿಲ್ಲ. ಇಲ್ಲಿಯ ವ್ಯಾಪ್ತಿಯು ನಿಯತವಲ್ಲ, ಸಂಭಾವ್ಯ. ಆದುದರಿಂದ ಈ ವಿಷಯದ ಬರಹಗಳನ್ನು ಓದುವವನು ಮೊದಲು ಶಬ್ದಾರ್ಥವನ್ನು ನಿಷ್ಕರ್ಷಿಸಿಕೊಳ್ಳಬೇಕು.

ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು 2006ರಲ್ಲಿ ಮನೆಯೊಳಗಣ ಕಲ್ಲಿದ್ದಲ ಹೊಗೆಯನ್ನು ಮೊದಲನೆಯ ವರ್ಗಕ್ಕೆ, ಎಂದರೆ ನಿಶ್ಚಿತ ಅರ್ಬುದಕಾರಕಗಳಿಗೆ, ಸೇರಿಸಿತು. ಸೌದೆ ಮೊದಲಾದವುಗಳ ಹೊಗೆಯನ್ನು ‘2ಎ’ ವರ್ಗದಲ್ಲಿರಿಸಿ ‘ಬಹುಶಃ ಅರ್ಬುದಕಾರಕ’ವೆಂದಿತು. ಇದರಿಂದ ಸೌದೆಯ ಹೊಗೆಯು ಸೌಮ್ಯವೆಂದು ತಿಳಿಯುವುದು ಅಪಾರ್ಥ. ‘ಪ್ರಮಾಣ’ವೆಂಬ ಒಂದೇ ಶಬ್ದವು ಕನ್ನಡದಲ್ಲಿ ಸಾಕ್ಷ್ಯಕ್ಕೂ ಅಳತೆಗೂ ಸಲ್ಲುವುದರಿಂದ ಈ ಭ್ರಾಂತಿಗೆ ಎಡೆಯಾಗುತ್ತದೆ. ವರ್ಗವು ಸಾಕ್ಷ್ಯದ ಬಲವನ್ನು ತಿಳಿಸುತ್ತದೆ. ಅಪಾಯದ ಅಳತೆಗೆ ಬೇರೆ ಗಣನೆ ಬೇಕು.

ಆ ಗಣನೆಗೂ ವ್ಯಾಖ್ಯಾನ ಬೇಕು. ಹೊಗೆಯಲ್ಲಿರುವ ಬೆಂಜೋಪೈರೀನ್ ಎಂಬ ದ್ರವ್ಯವು ಒಂದು ಘನಮೀಟರು ಗಾಳಿಯಲ್ಲಿ 1.2 ನ್ಯಾನೊಗ್ರಾಂ ಇದ್ದು, ಅದನ್ನು ಜೀವಮಾನಪರ್ಯಂತ ಸೇವಿಸಿದರೆ 10,000 ಜನರಲ್ಲಿ ಒಬ್ಬರಿಗೆ ಹೆಚ್ಚಾಗಿ ಅರ್ಬುದವುಂಟಾದೀತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಈ ಸೂತ್ರವು ಕೋಕ್ ಕುಲುಮೆಗಳ ಕಾರ್ಮಿಕರನ್ನು ಪರೀಕ್ಷಿಸಿದುದರಿಂದ ಹುಟ್ಟಿದ್ದು. ಅದನ್ನು ಜಮಖಂಡಿ, ಬೀಳಗಿಗಳ ಅಥವಾ ರನ್ನನ ಜನ್ಮಸ್ಥಳವಾದ ಮುಧೋಳದ ಅಡಿಗೆಮನೆಗೆ ಅನ್ವಯಿಸುವಾಗ ಸಂದರ್ಭವನ್ನು ಮರೆಯಬಾರದು. ಇಲ್ಲಿ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುವವಳು ಸ್ತ್ರೀ, ಪಕ್ಕದಲ್ಲಿ ಕೂಸು. ಸೌದೆ, ಹತ್ತಿಕಟ್ಟಿಗೆ, ಕುಳ್ಳುಗಳ ಹೊಗೆಯು ಒಂದೇ ತೆರನಲ್ಲ. ರಬಕವಿ-ಬನಹಟ್ಟಿಯಲ್ಲಿ ಮಗ್ಗವೂ ಒಲೆಯೂ ಒಂದೇ ಸೂರಿನಡಿಯಿರುವ ನೇಕಾರನ ಮನೆಯಲ್ಲಿ ದುಡಿಮೆಯ ಹೊತ್ತೂ ಹೊಗೆಯ ಹೊತ್ತೂ ಬೆರೆಯುತ್ತವೆ. ಕೋಣೆಯ ಸರಾಸರಿ ಸಾಲದು. ಕುಳಿತವಳ ಉಸಿರಿನ ಎತ್ತರದಲ್ಲಿ, ಗಂಟೆಗಂಟೆಗೆ ಅಳೆಯಬೇಕು. 2016ರ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೆ ಅನಿಲವು ಬಂದುದು ನಿಜ. ಆದರೆ ರೊಟ್ಟಿಗೆ ಹಳೆಯ ಒಲೆಯೇ ಉರಿಯುವ ಮನೆಯಲ್ಲಿ ಸಿಲಿಂಡರುಗಳ ಎಣಿಕೆಯು ಹೊಗೆಯ ಅಳತೆಯಾಗಲಾರದು.

ಸಾಕ್ಷ್ಯವು ಅಪೂರ್ಣವಾದರೆ ಸುಮ್ಮನಿರಬಹುದೆ? ಚೀನದ ಷ್ವಾನ್‌ವೇ ಪ್ರಾಂತದಲ್ಲಿ ಕಲ್ಲಿದ್ದಲೊಲೆಗಳಿಗೆ ಹೊಗೆಕೊಳವೆಯನ್ನಿಟ್ಟ ಮನೆಗಳಲ್ಲಿ ಶ್ವಾಸಕೋಶಾರ್ಬುದವು ಇಳಿದುದನ್ನು 2002ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಇಂಧನವು ಬೇರೆಯಾದರೂ ತರ್ಕವು ಗ್ರಾಹ್ಯ: ಅನ್ವಯವು ಸಂದಿಗ್ಧವಾದಲ್ಲಿ ವ್ಯತಿರೇಕವು ದಾರಿ ತೋರುತ್ತದೆ. ಹೊಗೆಯನ್ನು ಹೊರಗೆ ಕಳುಹಿಸುವುದಕ್ಕೆ ‘ಬಹುಶಃ’ ಎಂಬಷ್ಟು ಸಾಕ್ಷ್ಯವೇ ಸಾಕು.