ಆಟಕ್ಕೆ ಹೆಡ್ ಟ್ರ್ಯಾಕಿಂಗ್ ಸಾಕೇ, ವಿಆರ್ ಬೇಕೇ?

ವಿಮಾನ, ಲಾರಿ, ರೇಸಿಂಗ್ ಕಾರುಗಳ ಸಿಮ್ಯುಲೇಟರ್ ಆಟಗಳಲ್ಲಿ ಆಟಗಾರನ ಕೈಗಳಿಗೆ ಬಿಡುವೇ ಇರುವುದಿಲ್ಲ. ಒಂದು ಕೈ ಜಾಯ್‌ಸ್ಟಿಕ್ ಮೇಲಿದ್ದರೆ ಇನ್ನೊಂದು ಥ್ರಾಟಲ್ ಹಿಡಿದಿರುತ್ತದೆ. ಅಂಥ ಹೊತ್ತಿನಲ್ಲಿ ಪಕ್ಕದ ಕಿಟಕಿಯಾಚೆ ನೋಡಬೇಕಾದರೆ ಹೆಬ್ಬೆರಳಿನಡಿಯ ಪುಟ್ಟ ಗುಂಡಿಯನ್ನು ಒತ್ತಬೇಕು, ಇಲ್ಲವೇ ಕೈ ಬಿಡಿಸಿಕೊಂಡು ಮೌಸ್ ಹುಡುಕಬೇಕು. ನೋಡುವ ಕೆಲಸವನ್ನು ಬೆರಳಿನಿಂದ ತೆಗೆದು ತಲೆಗೆ ಒಪ್ಪಿಸುವ ಸಾಧನಗಳು ಎರಡು ಬಗೆಯವು. ಆಟಗಾರನ ತಲೆಯ ಚಲನೆಯನ್ನು ಕ್ಯಾಮೆರಾದಿಂದ ಗುರುತಿಸಿ, ಮೇಜಿನ ಮೇಲಿನ ಮಾನಿಟರ್‌ನಲ್ಲಿ ಕಾಣುವ ನೋಟವನ್ನು ತಿರುಗಿಸುವುದು ಹೆಡ್ ಟ್ರ್ಯಾಕಿಂಗ್. ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ತೋರಿಸುವ ಹೆಡ್‌ಸೆಟ್ಟನ್ನು ಮುಖಕ್ಕೇ ಕಟ್ಟಿಕೊಳ್ಳುವುದು ವಿಆರ್. ಇವೆರಡನ್ನೂ ಒಂದೇ ಏಣಿಯ ಕೆಳಮೆಟ್ಟಿಲು, ಮೇಲ್ಮೆಟ್ಟಿಲು ಎಂಬಂತೆ ಹೋಲಿಸುವುದು ರೂಢಿ. ದುಡ್ಡಿದ್ದವರಿಗೆ ವಿಆರ್, ಇಲ್ಲದವರಿಗೆ ಹೆಡ್ ಟ್ರ್ಯಾಕಿಂಗ್ ಎಂಬ ಮಾತು ಅಲ್ಲಿಂದಲೇ ಹುಟ್ಟುತ್ತದೆ. ಆದರೆ ಬೆಲೆಯನ್ನು ಬದಿಗಿಟ್ಟು ನೋಡಿದರೂ ಎರಡರ ಗುಣದೋಷಗಳು ಬೇರೆ ಬೇರೆಯೇ.

ಹೆಡ್ ಟ್ರ್ಯಾಕಿಂಗ್‌ನಲ್ಲಿ ಹೆಚ್ಚು ಹೆಸರಾದದ್ದು ಟ್ರ್ಯಾಕ್‌ಐಆರ್. ಅಮೆರಿಕದ ಆರೆಗನ್ ರಾಜ್ಯದ ನ್ಯಾಚುರಲ್‌ಪಾಯಿಂಟ್ ಕಂಪನಿಯ ಸರಕು ಅದು. ಅದರ ಐದನೆಯ ಆವೃತ್ತಿ 2009ರ ಸುಮಾರಿಗೆ ಬಂದದ್ದು ಇಂದಿಗೂ ಬಳಕೆಯಲ್ಲಿದೆ. ಕಂಪ್ಯೂಟರ್ ಸಾಮಾನಿನ ಲೋಕದಲ್ಲಿ ಇಷ್ಟು ಬಾಳಿಕೆ ಅಪರೂಪ. ಮಾನಿಟರ್ ಮೇಲೆ ಕೂರುವ ಪುಟ್ಟ ಕ್ಯಾಮೆರಾ ಇನ್‌ಫ್ರಾರೆಡ್ ಬೆಳಕನ್ನು ಬೀರುತ್ತದೆ. ಟೋಪಿಯ ಅಂಚಿಗೆ ಸಿಕ್ಕಿಸಿದ ಕ್ಲಿಪ್‌ನಲ್ಲಿ ಬೆಳಕನ್ನು ಮರಳಿಸುವ ಮೂರು ಬಿಂದುಗಳಿರುತ್ತವೆ. ಹೆಡ್‌ಫೋನಿಗೆ ಸಿಕ್ಕಿಸುವ ಇನ್ನೊಂದು ಕ್ಲಿಪ್‌ನಲ್ಲಿ ಬಿಂದುಗಳ ಬದಲು ಸ್ವತಃ ಬೆಳಗುವ ಎಲ್‌ಇಡಿಗಳಿವೆ. ಸೆಕೆಂಡಿಗೆ 120 ಬಾರಿ ಆ ಮೂರು ಬಿಂದುಗಳ ತ್ರಿಕೋನ ಎಷ್ಟು ಓರೆಯಾಯಿತು, ಎಷ್ಟು ದೊಡ್ಡದಾಯಿತು, ಎತ್ತ ಸರಿಯಿತು ಎಂದು ಲೆಕ್ಕ ಹಾಕಿದರೆ ತಲೆಯ ಆರೂ ಬಗೆಯ ಚಲನೆಗಳು ಸಿಗುತ್ತವೆ: ಎಡಬಲ ತಿರುಗುವುದು, ಮೇಲೆ ಕೆಳಗೆ ನೋಡುವುದು, ಭುಜದತ್ತ ವಾಲುವುದು, ಜೊತೆಗೆ ತಲೆಯೇ ಮುಂದಕ್ಕೆ, ಪಕ್ಕಕ್ಕೆ, ಮೇಲಕ್ಕೆ ಜರುಗುವುದು.

ಇಲ್ಲೊಂದು ಚಮತ್ಕಾರವಿದೆ. ಮಾನಿಟರ್ ಮುಂದೆ ಕೂತವನು ನಿಜವಾಗಿ 90 ಡಿಗ್ರಿ ಕತ್ತು ತಿರುಗಿಸಿದರೆ ಅವನಿಗೆ ಕಾಣುವುದು ಕೋಣೆಯ ಗೋಡೆ. ಆದ್ದರಿಂದ ಸಾಫ್ಟ್‌ವೇರ್ ಚಲನೆಯನ್ನು ಹಿಗ್ಗಿಸುತ್ತದೆ. ಕತ್ತು 15 ಡಿಗ್ರಿ ತಿರುಗಿದರೆ ಆಟದೊಳಗಿನ ನೋಟ 90 ಡಿಗ್ರಿಗೂ ಮಿಕ್ಕಿ ತಿರುಗುವಂತೆ ಮಾಡಬಹುದು. ಕಣ್ಣು ಮಾತ್ರ ಪರದೆ ಬಿಟ್ಟು ಕದಲುವುದಿಲ್ಲ. ಸೆಸ್ನಾ ವಿಮಾನವನ್ನು ಇಳಿಸಲು ರನ್‌ವೇಗೆ ಸಮಾನಾಂತರವಾಗಿ ಹಾರಿ, ಬಳಿಕ ಎಡಕ್ಕೆ ತಿರುಗುವ ಘಳಿಗೆಯಲ್ಲಿ ರನ್‌ವೇ ಇರುವುದು ಪೈಲಟ್‌ನ ಎಡಭುಜದ ಹಿಂದೆ. ಕತ್ತನ್ನು ಕೊಂಚ ಎಡಕ್ಕೆ ಹೊರಳಿಸಿದರೆ ರನ್‌ವೇಯ ತುದಿ ಕಾಣುತ್ತದೆ. ಮರಳಿಸಿದರೆ ವೇಗದ ಮುಳ್ಳು ಕಣ್ಣೆದುರಿಗೆ ಬರುತ್ತದೆ. ಗುಂಡಿ ಒತ್ತಿ ನೋಟ ಬದಲಿಸುವವನು ಇಲ್ಲೇ ದಿಕ್ಕು ತಪ್ಪುವುದು. ಮೊದಲ ಅರ್ಧ ಗಂಟೆ ಈ ಹಿಗ್ಗಿದ ಚಲನೆ ವಿಚಿತ್ರವೆನಿಸುತ್ತದೆ. ಆಮೇಲೆ ಅದರ ನೆನಪೇ ಆಗುವುದಿಲ್ಲ. ಯಾವ ಕೋನಕ್ಕೆ ಎಷ್ಟು ಹಿಗ್ಗಬೇಕು ಎಂಬ ರೇಖೆಯನ್ನು ಆಟಗಾರನೇ ತಿದ್ದಿಕೊಳ್ಳಬಹುದು. ನಡುವೆ ಒಂದಿಷ್ಟು ನಿಶ್ಚಲ ಜಾಗ ಬಿಟ್ಟರೆ ಉಸಿರಾಟಕ್ಕೂ ಕಾಕ್‌ಪಿಟ್ ಅಲುಗುವುದು ತಪ್ಪುತ್ತದೆ. ಸಾಧನ ಸರಿಯಿಲ್ಲವೆಂದು ಮೂಲೆಗೆಸೆದ ಹಲವರು ಈ ರೇಖೆಯನ್ನು ಮುಟ್ಟಿಯೂ ನೋಡಿರುವುದಿಲ್ಲ.

ಟ್ರ್ಯಾಕ್‌ಐಆರ್‌ಗೆ ಅಮೆರಿಕದಲ್ಲಿ ಸುಮಾರು 150 ಡಾಲರ್. ಒಂದು ಕ್ಯಾಮೆರಾ ಮತ್ತು ಮೂರು ಬಿಂದುಗಳಿಗೆ ಅದು ಹೆಚ್ಚೇ ಸರಿ, ಏಕೆಂದರೆ ಓಪನ್‌ಟ್ರ್ಯಾಕ್ ಎಂಬ ಮುಕ್ತ ತಂತ್ರಾಂಶ ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತದೆ. ಸಾಧಾರಣ ವೆಬ್‌ಕ್ಯಾಮ್‌ನಲ್ಲೇ, ತಲೆಗೆ ಏನನ್ನೂ ಸಿಕ್ಕಿಸದೆ, ನ್ಯೂರಲ್ ನೆಟ್‌ವರ್ಕ್ ಮೂಲಕ ಮುಖವನ್ನು ಗುರುತಿಸುವ ಸೌಲಭ್ಯವೂ ಅದರಲ್ಲಿದೆ. ಇನ್ನಷ್ಟು ನಿಖರತೆ ಬೇಕೆಂಬವರು ಮೂರು ಇನ್‌ಫ್ರಾರೆಡ್ ಎಲ್‌ಇಡಿಗಳಿಗೆ ಬೆಸುಗೆ ಹಾಕಿ ಕ್ಲಿಪ್ಪನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಸೋನಿಯ ಹಳೆಯ ಪಿಎಸ್3 ಐ ಕ್ಯಾಮೆರಾ ಈ ಮಂದಿಯ ಅಚ್ಚುಮೆಚ್ಚು. ಅದರೊಳಗಿನ ಇನ್‌ಫ್ರಾರೆಡ್ ತಡೆಯುವ ಗಾಜನ್ನು ಕಿತ್ತು, ಆ ಜಾಗಕ್ಕೆ ಹಳೆಯ ಫ್ಲಾಪಿ ಡಿಸ್ಕಿನ ಕಪ್ಪು ಹಾಳೆಯ ಚೂರನ್ನು ಕೂರಿಸಿದರೆ ಕೋಣೆಯ ಬೆಳಕು ಬಹುಪಾಲು ಅಳಿಸಿಹೋಗಿ ಎಲ್‌ಇಡಿಗಳಷ್ಟೇ ಕಾಣುತ್ತವೆ. ಬೆಂಗಳೂರಿನ ಎಸ್.ಪಿ. ರೋಡಿನಂಥ ಜಾಗದಲ್ಲಿ ಇದಕ್ಕೆ ಬೇಕಾದ ಬಿಡಿಭಾಗಗಳಿಗೆ ಕೆಲವು ನೂರು ರೂಪಾಯಿ ಸಾಕು. ಟೋಬಿ ಕಂಪನಿಯ ಐ ಟ್ರ್ಯಾಕರ್ 5 ಕಣ್ಣಿನ ಚಲನೆಯನ್ನೂ ಹಿಡಿಯುತ್ತದೆ, ಬೆಲೆಯೂ ಟ್ರ್ಯಾಕ್‌ಐಆರ್‌ಗಿಂತ ಮೇಲೆ. ಆದರೆ ಹಾರಾಟದ ಆಟಗಳಲ್ಲಿ ಕಣ್ಣು ಒಂದು ಕ್ಷಣವೂ ನಿಲ್ಲದೆ ಮೀಟರಿನಿಂದ ಮೀಟರಿಗೆ ಓಡುವುದರಿಂದ ನೋಟವನ್ನು ಅದರ ಬೆನ್ನಿಗೆ ಕಟ್ಟಿ ಪ್ರಯೋಜನವಿಲ್ಲ. ಕೊನೆಗೆ ಉಪಯೋಗಕ್ಕೆ ಬರುವುದು ಅದರ ತಲೆ ಗುರುತಿಸುವ ಭಾಗವೇ.

ಇವುಗಳ ತೊಂದರೆಗಳು ಸಣ್ಣವು, ಆದರೆ ಕಿರಿಕಿರಿ ತರುವಂಥವು. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಧಾರಾಳವಾಗಿರುವುದರಿಂದ ಆಟಗಾರನ ಬೆನ್ನ ಹಿಂದೆ ತೆರೆದ ಕಿಟಕಿಯಿದ್ದರೆ ಮಧ್ಯಾಹ್ನದ ಆಟ ಕೆಟ್ಟಂತೆಯೇ. ಕನ್ನಡಕದ ಗಾಜು, ಹೊಳೆಯುವ ಓಲೆ, ಕುರ್ಚಿಯ ಸ್ಟೀಲು ಹಿಡಿ ಇವೂ ಬೆಳಕನ್ನು ಮರಳಿಸಿ ನಾಲ್ಕನೆಯ ಬಿಂದುವಾಗಿ ಕಾಣಿಸಿಕೊಳ್ಳುತ್ತವೆ. ಕಾಕ್‌ಪಿಟ್ ಒಮ್ಮೆಲೇ ತಲೆಕೆಳಗಾಗುತ್ತದೆ. ವೆಬ್‌ಕ್ಯಾಮ್ ವಿಧಾನಕ್ಕೆ ಇದಕ್ಕೆ ವಿರುದ್ಧವಾದ ಸಮಸ್ಯೆ: ಬೆಳಕು ಕಡಿಮೆಯಾದರೆ ಅದು ತಡವರಿಸುತ್ತದೆ. ಆಟವೂ ಹೆಡ್ ಟ್ರ್ಯಾಕಿಂಗ್‌ಗೆ ಒಗ್ಗಬೇಕು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಡಿಸಿಎಸ್ ವರ್ಲ್ಡ್, ಎಕ್ಸ್‌-ಪ್ಲೇನ್, ಐಎಲ್-2, ಯೂರೋ ಟ್ರಕ್ ಸಿಮ್ಯುಲೇಟರ್ 2, ಆರ್ಮಾ 3 ಇವೆಲ್ಲ ಒಗ್ಗಿದವು. ಕೌಂಟರ್-ಸ್ಟ್ರೈಕ್‌ನಂಥ ಗುಂಡಿನ ಆಟಗಳಲ್ಲಿ ನೋಟ ಮತ್ತು ಬಂದೂಕಿನ ಗುರಿ ಎರಡೂ ಒಂದೇ ಆಗಿರುವುದರಿಂದ ಅಲ್ಲಿ ತಲೆಗೆ ಬೇರೆ ಕೆಲಸವೇ ಇಲ್ಲ.

ಹೆಡ್ ಟ್ರ್ಯಾಕಿಂಗ್ ಎಷ್ಟು ಚೆನ್ನಾಗಿದ್ದರೂ ಕೊಡಲಾಗದ್ದು ಆಳ. ಪರದೆ ಚಪ್ಪಟೆ, ಕಾಣುವುದೂ ಚಪ್ಪಟೆ. ವಿಆರ್ ತನ್ನ ಬೆಲೆಯನ್ನು ಸಮರ್ಥಿಸಿಕೊಳ್ಳುವುದು ಈ ಒಂದು ಕಾರಣಕ್ಕೆ. ಎರಡು ಕಣ್ಣುಗಳಿಗೂ ಕೊಂಚ ಬೇರೆಯಾದ ಚಿತ್ರ ಸಿಗುವುದರಿಂದ, ಜೊತೆಗೆ ತಲೆ ಜರುಗಿದಷ್ಟೇ ನೋಟವೂ ಜರುಗುವುದರಿಂದ, ಕಾಕ್‌ಪಿಟ್ ಕಾಕ್‌ಪಿಟ್ಟಿನಷ್ಟೇ ದೊಡ್ಡದಾಗಿ ಸುತ್ತ ನಿಲ್ಲುತ್ತದೆ. ಹೆಲಿಕಾಪ್ಟರನ್ನು ನೆಲದಿಂದ ಆರೇಳು ಅಡಿ ಎತ್ತರದಲ್ಲಿ ತಡೆದು ನಿಲ್ಲಿಸುವುದು ಮಾನಿಟರ್‌ನಲ್ಲಿ ಬಲು ಕಷ್ಟ. ಹಿಂದಕ್ಕೆ ತೇಲುತ್ತಿದ್ದೇವೆಂದು ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ವಿಆರ್‌ನಲ್ಲಿ ಅದೇ ತೇಲುವಿಕೆ ಮೊದಲೇ ಅರಿವಿಗೆ ಬರುತ್ತದೆ. ಆಕಾಶದಲ್ಲಿ ಇಂಧನ ತುಂಬಿಸಿಕೊಳ್ಳಲು ಇನ್ನೊಂದು ವಿಮಾನದ ಬಾಲಕ್ಕೆ ಹತ್ತಿರವಾಗುವುದು, ಚಕ್ರ ನೆಲ ಮುಟ್ಟುವ ಮುನ್ನ ಮೂತಿಯನ್ನು ಮೇಲೆತ್ತುವುದು, ರೇಸಿನಲ್ಲಿ ತಿರುವಿನ ಒಳ ಅಂಚನ್ನು ಅಂದಾಜಿಸುವುದು ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ರೇಸಿಂಗ್ ಆಟಗಳಲ್ಲಿ ಕಣ್ಣು ಹೆಚ್ಚುಪಾಲು ರಸ್ತೆಯ ಮೇಲೇ ಇರುವುದರಿಂದ ಹೆಡ್ ಟ್ರ್ಯಾಕಿಂಗ್‌ಗಿಂತ ವಿಆರ್‌ನ ಲಾಭ ಸ್ಪಷ್ಟವಾಗಿಯೇ ಹೆಚ್ಚು.

ಈ ಆಳಕ್ಕೆ ತೆರುವ ಬೆಲೆ ಹೆಡ್‌ಸೆಟ್ಟಿನ ಪೆಟ್ಟಿಗೆಯ ಮೇಲೆ ಮುದ್ರಿತವಾಗಿರುವಷ್ಟೇ ಅಲ್ಲ. ಮೆಟಾ ಕ್ವೆಸ್ಟ್ 3 ಅಮೆರಿಕದ ಮಾರುಕಟ್ಟೆಗೆ 2023ರಲ್ಲಿ 499 ಡಾಲರಿಗೆ ಬಂತು. ಅಗ್ಗದ ಕ್ವೆಸ್ಟ್ 3ಎಸ್ 2024ರಲ್ಲಿ 299 ಡಾಲರಿಗೆ. ಕ್ವೆಸ್ಟ್ 3ರಲ್ಲಿ ಒಂದೊಂದು ಕಣ್ಣಿಗೂ 2064×2208 ಪಿಕ್ಸೆಲ್, ಎರಡೂ ಸೇರಿ 91 ಲಕ್ಷ. 4ಕೆ ಪರದೆಯಲ್ಲಿರುವುದು 83 ಲಕ್ಷ. ಇಷ್ಟನ್ನೂ ಸೆಕೆಂಡಿಗೆ 90 ಬಾರಿ ಚಿತ್ರಿಸಬೇಕೆಂದರೆ ಒಂದು ಚಿತ್ರಕ್ಕೆ ಸಿಗುವ ಕಾಲ 11 ಮಿಲಿಸೆಕೆಂಡ್. ಮಾನಿಟರ್‌ನಲ್ಲಿ ಸೆಕೆಂಡಿಗೆ 40 ಚಿತ್ರ ಬಂದರೂ ವಿಮಾನ ಹಾರಿಸಬಹುದು; ವಿಆರ್‌ನಲ್ಲಿ ತಪ್ಪಿದ ಚಿತ್ರಗಳ ಜಾಗವನ್ನು ಸಾಫ್ಟ್‌ವೇರ್ ಊಹಿಸಿ ತುಂಬುತ್ತದೆ, ಆಗ ಪ್ರೊಪೆಲ್ಲರಿನ ರೆಕ್ಕೆಗಳು ಸುತ್ತಲಿನ ಗಾಳಿಯನ್ನೇ ಕಲಕಿದಂತೆ ಕಾಣುತ್ತದೆ. ಫ್ಲೈಟ್ ಸಿಮ್ಯುಲೇಟರ್‌ನಂಥ ಭಾರೀ ಆಟವನ್ನು ಹೀಗೆ ನಡೆಸಬಲ್ಲ ಗ್ರಾಫಿಕ್ಸ್ ಕಾರ್ಡಿಗೆ ಹೆಡ್‌ಸೆಟ್ಟಿಗಿಂತ ಹೆಚ್ಚು ದುಡ್ಡು ತೆರಬೇಕಾಗುವುದೇ ಹೆಚ್ಚು.

ಅಷ್ಟಾದರೂ ಅಕ್ಷರಗಳು ಮಾನಿಟರ್‌ನಲ್ಲಿ ಕಂಡಷ್ಟು ಸ್ಫುಟವಾಗಿ ಕಾಣುವುದಿಲ್ಲ. 27 ಇಂಚಿನ 2560×1440 ಮಾನಿಟರನ್ನು ಸುಮಾರು 65 ಸೆಂಟಿಮೀಟರ್ ದೂರದಿಂದ ನೋಡಿದರೆ ನೋಟದ ಒಂದು ಡಿಗ್ರಿಗೆ 50ರಷ್ಟು ಪಿಕ್ಸೆಲ್ ಸಿಗುತ್ತವೆ. ಕ್ವೆಸ್ಟ್ 3ರಲ್ಲಿ ಸಿಗುವುದು 25. 91 ಲಕ್ಷ ಪಿಕ್ಸೆಲ್‌ಗಳೂ ಸುಮಾರು 110 ಡಿಗ್ರಿ ಅಗಲದ ನೋಟದ ಮೇಲೆ ಹರಡಿಹೋಗುವುದೇ ಇದಕ್ಕೆ ಕಾರಣ. ಆಧುನಿಕ ಜೆಟ್ಟಿನ ಪರದೆಯ ಮೂಲೆಯಲ್ಲಿರುವ ಪುಟ್ಟ ಅಂಕಿಯನ್ನು ಓದಲು ಆಟಗಾರ ಕುರ್ಚಿಯಿಂದ ಮುಂದಕ್ಕೆ ಬಾಗಿ ಇಣುಕಬೇಕಾಗುತ್ತದೆ. ದೂರದ ಶತ್ರು ವಿಮಾನ ಒಂದೆರಡು ಪಿಕ್ಸೆಲ್‌ಗಳ ಮಸುಕು ಚುಕ್ಕೆಯಾಗಿ ಉಳಿಯುತ್ತದೆ.

ಹೆಡ್ ಟ್ರ್ಯಾಕಿಂಗ್‌ನ ಹಿಗ್ಗಿಸುವ ಚಮತ್ಕಾರವೂ ವಿಆರ್‌ನಲ್ಲಿ ಸಹಜವಾಗಿಯೇ ಇಲ್ಲ. ಕತ್ತು ತಿರುಗಿದಷ್ಟೇ ನೋಟವೂ ತಿರುಗಬೇಕು, ಹೆಚ್ಚಾದರೆ ತಲೆ ಸುತ್ತುತ್ತದೆ. ಹಾಗಾಗಿ ವೈಮಾನಿಕ ಕಾಳಗದಲ್ಲಿ ಬೆನ್ನ ಹಿಂದಿರುವ ಶತ್ರುವನ್ನು ಕಾಣಲು ಅರ್ಧ ಕೆ.ಜಿ. ತೂಕದ ಹೆಡ್‌ಸೆಟ್ ಹೊತ್ತ ತಲೆಯನ್ನು ಸೊಂಟದ ಸಮೇತ ಹಿಂದಕ್ಕೆ ತಿರುವಬೇಕು. ಟ್ರ್ಯಾಕ್‌ಐಆರ್ ಇಟ್ಟುಕೊಂಡ ಎದುರಾಳಿ ಅದೇ ಕೆಲಸವನ್ನು ಗಲ್ಲವನ್ನು ಕೊಂಚ ಹೊರಳಿಸಿ ಮುಗಿಸಿರುತ್ತಾನೆ. ಕೀಬೋರ್ಡು, ಥ್ರಾಟಲಿನ ಗುಂಡಿಗಳು, ಪಕ್ಕದಲ್ಲಿಟ್ಟ ನೀರಿನ ಲೋಟ ಯಾವುದೂ ವಿಆರ್‌ನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಹತ್ತಾರು ಗುಂಡಿಗಳ ಜಾಗವನ್ನು ಬೆರಳುಗಳೇ ಕಲಿತಿರಬೇಕು.

ಓಕರಿಕೆಯದು ಬೇರೆಯೇ ಅಧ್ಯಾಯ. ಕಣ್ಣು ದೇಹ ಚಲಿಸುತ್ತಿದೆ ಎನ್ನುತ್ತದೆ, ಒಳಕಿವಿ ಕೂತಲ್ಲೇ ಇದೆ ಎನ್ನುತ್ತದೆ; ಈ ಎರಡು ಸಾಕ್ಷಿಗಳ ತಕರಾರಿನಲ್ಲಿ ಹೊಟ್ಟೆ ತೊಳಸುತ್ತದೆ. ಕಾಕ್‌ಪಿಟ್ಟಿನ ಚೌಕಟ್ಟು ಸುತ್ತ ಸ್ಥಿರವಾಗಿರುವುದರಿಂದ ಹಾರಾಟದ ಆಟಗಳಲ್ಲಿ ಇದು ತುಸು ಕಡಿಮೆ. ಕಾಲು ನೆಲದ ಮೇಲೇ ಇದ್ದು ಕಂಟ್ರೋಲರಿನ ಕೋಲಿನಿಂದ ದೇಹವನ್ನು ತಿರುಗಿಸುವ ಆಟಗಳಲ್ಲಿ ಅತಿ ಹೆಚ್ಚು. ಹಲವರಿಗೆ ದಿನಕ್ಕೆ ಹತ್ತು ನಿಮಿಷದಂತೆ ಆಡುತ್ತ ಹೋದರೆ ಒಗ್ಗುತ್ತದೆ, ಕೆಲವರಿಗೆ ಎಂದಿಗೂ ಒಗ್ಗುವುದಿಲ್ಲ. ಹಲ್ಲುಕಚ್ಚಿ ಸಹಿಸಿದರೆ ಒಗ್ಗುವ ಬದಲು ಹೆಡ್‌ಸೆಟ್ ಕಂಡರೇ ಹೇಸಿಗೆ ಬರುವ ಹಾಗಾಗುತ್ತದೆ. ಏಪ್ರಿಲ್ ತಿಂಗಳ ಸೆಖೆಯಲ್ಲಿ ಬೆವರಿಗೆ ಲೆನ್ಸು ಮಂಜಾಗುವುದೂ ಇದ್ದದ್ದೇ. ಮುಖಕ್ಕೆ ಬಡಿಯುವಂತೆ ಟೇಬಲ್ ಫ್ಯಾನ್ ಇಟ್ಟುಕೊಂಡರೆ ಬೆವರಿಗೂ ಓಕರಿಕೆಗೂ ಒಂದಿಷ್ಟು ಪರಿಹಾರ. ಕನ್ನಡಕದವರು ಅಳತೆಗೆ ತಕ್ಕ ಲೆನ್ಸುಗಳನ್ನು ಬೇರೆಯಾಗಿ ಮಾಡಿಸಿ ಹೆಡ್‌ಸೆಟ್ಟಿನೊಳಗೆ ಕೂರಿಸಿಕೊಳ್ಳುವುದು ಮೇಲು.

ಎಷ್ಟೋ ಮಂದಿ ವಿಆರ್ ಬಗ್ಗೆ ತೀರ್ಪು ಕೊಡುವುದು ಮೊಬೈಲ್ ಫೋನನ್ನು ಒಳಗಿಟ್ಟು ನೋಡುವ ಅಗ್ಗದ ಪೆಟ್ಟಿಗೆಗಳ ಅನುಭವದ ಮೇಲೆ. ಗೂಗಲ್ 2014ರಲ್ಲಿ ಕಾರ್ಡ್‌ಬೋರ್ಡ್ ತಂದ ಮೇಲೆ ಇಂಥವು ನಮ್ಮ ಪೇಟೆಗಳಲ್ಲೂ ರಾಶಿ ಬಿದ್ದಿದ್ದವು. ಅವು ತಲೆ ತಿರುಗುವುದನ್ನು ಗುರುತಿಸುತ್ತವೆ, ಜರುಗುವುದನ್ನು ಗುರುತಿಸುವುದಿಲ್ಲ. ಬಾಗಿದರೆ ಇಡೀ ಜಗತ್ತೇ ಜೊತೆಗೆ ಬಾಗುತ್ತದೆ. ಅದನ್ನು ಕಂಡು ವಿಆರ್ ಇಷ್ಟೇ ಎಂದುಕೊಳ್ಳುವುದು ಅನ್ಯಾಯ.

ವಿಆರ್ ಕೊಳ್ಳುವವರು ಹೆದರಬೇಕಾದ ಸಂಗತಿ ಇನ್ನೊಂದಿದೆ. ಹೆಡ್‌ಸೆಟ್ ಕೆಡದಿದ್ದರೂ ಅದರ ಆಯುಸ್ಸು ಮುಗಿಯಬಹುದು. 2020ರಲ್ಲಿ ಬಂದ ಎಚ್‌ಪಿ ರಿವರ್ಬ್ ಜಿ2 ಹಾರಾಟದ ಆಟಗಾರರ ಮೆಚ್ಚಿನ ಹೆಡ್‌ಸೆಟ್ ಆಗಿತ್ತು. ಅದು ನಿಂತಿದ್ದ ವಿಂಡೋಸ್ ಮಿಕ್ಸ್ಡ್ ರಿಯಾಲಿಟಿಯನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರ ಡಿಸೆಂಬರ್‌ನಲ್ಲಿ ತಿಳಿಸಿತು. ಮರುವರ್ಷ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಅದನ್ನು ತೆಗೆದೇ ಹಾಕಿತು. ಸೋನಿಯ ಪಿಎಸ್ ವಿಆರ್2 ಹೆಡ್‌ಸೆಟ್ಟನ್ನು 2024ರಿಂದ ಅಡಾಪ್ಟರ್ ಮೂಲಕ ಕಂಪ್ಯೂಟರಿಗೆ ಜೋಡಿಸಬಹುದು. ಆದರೆ ಹಾಗೆ ಜೋಡಿಸಿದಾಗ ಎಚ್‌ಡಿಆರ್ ಇಲ್ಲ, ಕಣ್ಣಿನ ಚಲನೆ ಗುರುತಿಸುವ ಸೌಲಭ್ಯವೂ ಇಲ್ಲ. ಆಟಗಳ ಗತಿಯೂ ಹೀಗೆಯೇ: ಜನಪ್ರಿಯವಾಗಿದ್ದ ಎಕೋ ವಿಆರ್‌ನ ಸರ್ವರ್‌ಗಳನ್ನು ಮೆಟಾ 2023ರ ಆಗಸ್ಟ್‌ನಲ್ಲಿ ಮುಚ್ಚಿತು. ಟೋಪಿಗೆ ಸಿಕ್ಕಿಸುವ ಮೂರು ಎಲ್‌ಇಡಿಗಳಿಗೆ ಈ ಭಯವಿಲ್ಲ.

ಹೀಗಿದ್ದರೂ ವಿಆರ್‌ಗಾಗಿಯೇ ಹುಟ್ಟಿದ ಆಟಗಳ ಮಾತು ಬಂದಾಗ ಹೋಲಿಕೆಯೇ ನಿಲ್ಲುತ್ತದೆ. ವಾಲ್ವ್ 2020ರಲ್ಲಿ ತಂದ ಹಾಫ್-ಲೈಫ್: ಅಲಿಕ್ಸ್‌ನಲ್ಲಿ ಡ್ರಾಯರ್ ಎಳೆದು ಒಳಗೆ ತಡಕುವುದು, ಕೈಯಲ್ಲೇ ಪಿಸ್ತೂಲಿಗೆ ಗುಂಡು ತುಂಬುವುದು ಮಾನಿಟರ್‌ಗೆ ಇಳಿಸಲಾಗದ ಅನುಭವಗಳು. ಬೀಟ್ ಸೇಬರ್, ಹೈದರಾಬಾದಿನಲ್ಲಿ ತಯಾರಾದ ಐಬಿ ಕ್ರಿಕೆಟ್ ಇವೂ ಆ ಜಾತಿಯವೇ. ಕ್ವೆಸ್ಟ್‌ನಲ್ಲಿ ಬೀಟ್ ಸೇಬರ್ ಆಡಲು ಕಂಪ್ಯೂಟರೂ ಬೇಡ, ಎರಡು ಗಂಟೆಯಷ್ಟು ಬ್ಯಾಟರಿ ಸಾಕು. ಬೇಕಾದದ್ದು ಜಾಗ: ಎರಡು ಮೀಟರ್ ಚೌಕದ ಖಾಲಿ ನೆಲ, ಮೇಲೆತ್ತಿದ ಕೈಗೆ ಸಿಗದಷ್ಟು ಎತ್ತರದ ಸೀಲಿಂಗ್ ಫ್ಯಾನ್. ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಇವೆರಡೂ ಸಿಗುವುದು ಸುಲಭವಲ್ಲ.

ಒಟ್ಟು ಲೆಕ್ಕದಲ್ಲಿ ಸೀಟಿನಲ್ಲಿ ಕೂತು ಆಡುವವರಿಗೆ ಹೆಡ್ ಟ್ರ್ಯಾಕಿಂಗ್ ಕೊಳ್ಳಲು ಯೋಗ್ಯ ಎನ್ನಲು ಅನುಮಾನವೇ ಬೇಡ. ಓಪನ್‌ಟ್ರ್ಯಾಕ್ ಮತ್ತು ಕೈಯಲ್ಲಿರುವ ವೆಬ್‌ಕ್ಯಾಮ್‌ನಿಂದ ಶುರು ಮಾಡಿ, ರುಚಿ ಹತ್ತಿದ ಮೇಲೆ ಎಲ್‌ಇಡಿ ಕ್ಲಿಪ್ಪಿಗೆ ಹೋಗುವುದು ಜಾಣತನ. ಲಾರಿ ಓಡಿಸುವವರಿಗೆ, ಯುದ್ಧವಿಮಾನದವರಿಗೆ, ದೊಡ್ಡ ವಿಮಾನದಲ್ಲಿ ಗಂಟೆಗಟ್ಟಲೆ ಹಾರುವವರಿಗೆ ಅದಕ್ಕಿಂತ ಮುಂದೆ ಹೋಗುವ ತುರ್ತಿಲ್ಲ. ಹೆಲಿಕಾಪ್ಟರ್ ಮತ್ತು ರೇಸಿಂಗಿನ ಹುಚ್ಚಿದ್ದವರು, ಆಗಲೇ ಬಲವಾದ ಗ್ರಾಫಿಕ್ಸ್ ಕಾರ್ಡ್ ಇದ್ದವರು, ಇನ್ನೊಬ್ಬರ ಹೆಡ್‌ಸೆಟ್ಟಿನಲ್ಲಿ ಅರ್ಧ ಗಂಟೆ ಆಡಿ ಹೊಟ್ಟೆಯ ಒಪ್ಪಿಗೆ ಪಡೆದವರು ಮಾತ್ರ ವಿಆರ್‌ಗೆ ಕೈಹಾಕಬಹುದು. ವಿಆರ್‌ಗಾಗಿ ಕಂಪ್ಯೂಟರನ್ನೇ ಬದಲಿಸಬೇಕಾದವರಿಗೆ ಅದು ಇವತ್ತಿಗೆ ಲಾಭದ ಬಾಬತ್ತಲ್ಲ.

ಸೆಕೆಂಡ್ ಹ್ಯಾಂಡ್ ಹೆಡ್‌ಸೆಟ್ ಕೊಳ್ಳುವಾಗ ಮೊದಲು ಬಿಳಿಯ ಚಿತ್ರವೊಂದನ್ನು ತೆರೆದು ಎರಡೂ ಕಣ್ಣಿನ ಪರದೆಗಳನ್ನು ನೋಡಬೇಕು. ಕಿಟಕಿಯ ಬಳಿ ಲೆನ್ಸು ಮೇಲಾಗಿ ಇಟ್ಟಿದ್ದರೆ ಬಿಸಿಲು ಲೆನ್ಸಿನ ಮೂಲಕ ಒಂದೆಡೆ ಕೇಂದ್ರೀಕೃತವಾಗಿ ಪರದೆಯನ್ನು ಸುಟ್ಟಿರುತ್ತದೆ. ಆ ಕಲೆಗೆ ರಿಪೇರಿಯಿಲ್ಲ. ಕನ್ನಡಕ ತಾಗಿ ಲೆನ್ಸಿನ ನಡುವೆ ಗೀರು ಬಿದ್ದಿದೆಯೇ, ಎರಡೂ ಕಂಟ್ರೋಲರ್‌ಗಳ ಕೋಲು ಮುಟ್ಟದಿದ್ದರೂ ತಾನಾಗಿ ಸರಿಯುತ್ತದೆಯೇ ಎಂಬುದನ್ನು ಪರೀಕ್ಷಿಸಿ, ಹಳೆಯ ಮಾಲೀಕನ ಖಾತೆಯನ್ನು ಎದುರಿಗೇ ತೆಗೆಸಿದ ಮೇಲೆ ದುಡ್ಡು ಕೊಡುವುದು ಸರಿ.