ಸೊಲ್ಲಿನ ಕೊನೆಗೆ ಕಿವಿ ಇಡಿ

ಹಳೆಯ ಪದಗಳನ್ನು ಹೊಸ ವಾದ್ಯಗಾರರ ಜೊತೆ ಮತ್ತೆ ಹಾಡಿ ಮುದ್ರಿಸಿದ ಆಲ್ಬಂ ಕೇಳಿದೊಡನೆ ‘ಮೊದಲಿನದೇ ಚೆನ್ನಾಗಿತ್ತು’ ಎಂದುಬಿಡುವುದು ಸುಲಭ. ಆದರೆ ಇಂಥ ಪದಗಳಿಗೆ ಮೊದಲಿನದು ಎಂಬುದೊಂದು ಇದೆಯೇ? ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಅಂಟಿಗೆ-ಪಂಟಿಗೆಯನ್ನೇ ನೋಡಿ. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗುವ ತಂಡದಲ್ಲಿ ಮುಂದಿನವರು ಸೊಲ್ಲು ಎತ್ತುತ್ತಾರೆ, ಹಿಂದಿನವರು ಅದನ್ನು ಮರಳಿಸುತ್ತಾರೆ. ಒಂದು ಅಂಗಳದಲ್ಲಿ ಚುಟುಕಾಗಿ ಮುಗಿದದ್ದು ಇನ್ನೊಂದರಲ್ಲಿ ಹಿಗ್ಗಬಹುದು. ಮತ್ತೆ ಹಾಡುವುದು ಈ ಪರಂಪರೆಯ ನಡೆಯೇ ಹೊರತು ಅದಕ್ಕೆ ಬಗೆದ ದ್ರೋಹವಲ್ಲ. ಹಾಗಾಗಿ ಹೊಸಬರು ಗಮನಿಸಬೇಕಾದದ್ದು ಸೊಲ್ಲು ಮುಗಿಯುವ ಜಾಗವನ್ನು. ಹಾಡುಗಾರ ಉಸಿರೆಳೆದುಕೊಳ್ಳುವ ಆ ಎಡೆ ಹಿಮ್ಮೇಳಕ್ಕೆ ಮೀಸಲು. ಅತಿಥಿ ವಾದ್ಯಗಾರ ಅಲ್ಲಿ ಸೊಲ್ಲಿಗೆ ಓಗೊಡುತ್ತಾನೋ, ತನ್ನ ಕೈಚಳಕ ತೋರಿಸುತ್ತಾನೋ ಎಂಬುದರ ಮೇಲೆ ಮರುಮುದ್ರಣದ ಗೆಲುವು ನಿಂತಿದೆ.

ಇದನ್ನು ಪರೀಕ್ಷಿಸಲು ಶಿಶುನಾಳ ಶರೀಫರ (1819–1889) ಪದಗಳಿಗಿಂತ ಒಳ್ಳೆಯ ಸಾಮಗ್ರಿ ಸಿಗಲಾರದು. ಸಿ. ಅಶ್ವತ್ಥ್ ಈ ಪದಗಳನ್ನು ಕ್ಯಾಸೆಟ್ಟಿನಲ್ಲಿ, 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಮನೆಮಾತಾಗಿಸಿದರು. 2005ರ ‘ಕನ್ನಡವೇ ಸತ್ಯ’ ಕಾರ್ಯಕ್ರಮದಲ್ಲಿ ತಮ್ಮ ಹಳೆಯ ಹಾಡುಗಳನ್ನು ದೊಡ್ಡ ಮೇಳದೊಂದಿಗೆ ಬೆಂಗಳೂರಿನ ಅರಮನೆ ಮೈದಾನಕ್ಕೆ ತಂದರು. 2008ರಲ್ಲಿ ರಘು ದೀಕ್ಷಿತ್ ‘ಸೋರುತಿಹುದು ಮನೆಯ ಮಾಳಿಗಿ’ಯನ್ನು ಗಿಟಾರ್, ಡ್ರಮ್ಸ್‌ಗಳ ನಡುವೆ ಕೂರಿಸಿದರು. ಅಶ್ವತ್ಥರದನ್ನೂ ರಘು ಅವರದನ್ನೂ ಒಂದೇ ಸಂಜೆ ಕೇಳಿ. ಮೊದಲ ಸಲ ದನಿಯನ್ನಷ್ಟೇ ಹಿಂಬಾಲಿಸಿ, ಮರುಸಲ ಸೊಲ್ಲು ಮುಗಿದಲ್ಲಿ ಬಂದು ನಿಲ್ಲುವವರು ಯಾರೆಂದು ನೋಡಿ. ಅಶ್ವತ್ಥರಲ್ಲಿ ದನಿಯೇ ಸೊಲ್ಲನ್ನು ಎಳೆದು ಅಂಗಲಾಚುತ್ತದೆ. ರಘು ಅವರಲ್ಲಿ ಆ ಎಡೆಗೆ ತಾಳ ನುಗ್ಗುತ್ತದೆ, ಸಭೆ ಕುಣಿಯುತ್ತದೆ.

ಗಿಟಾರ್ ನಮ್ಮದಲ್ಲ ಎಂಬ ಆಕ್ಷೇಪಣೆಗೆ ತೂಕ ಕಡಿಮೆ. ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. ಇಂದು ಭಜನಾಮಂಡಳಿಗಳು ಅದಿಲ್ಲದೆ ಕೂರುವುದು ಅಪರೂಪ. ಅರ್ಥವೇ ಮುಳುಗಿಹೋಗುತ್ತದೆ ಎಂಬ ಆಕ್ಷೇಪಣೆ ಮಾತ್ರ ಗಟ್ಟಿಯಾದದ್ದು. ಆಷಾಢದ ಮಳೆಯಲ್ಲಿ ಹೆಂಚಿನ ಸಂದಿಗೆ ಪಾತ್ರೆ ಒಡ್ಡುವ ಮೂಡಿಗೆರೆಯವರಿಗೆ ಸೋರುವ ಮಾಡಿನ ಆತಂಕವನ್ನು ಯಾರೂ ವಿವರಿಸಬೇಕಿಲ್ಲ. ಕುಣಿತದ ಲಯ ಆ ಆತಂಕವನ್ನು ಒಂದಿಷ್ಟು ಮರೆಸುತ್ತದೆ, ನಿಜ. ಆದರೂ ಪಲ್ಲವಿಯನ್ನು ಸಾವಿರಾರು ಜನ ಮರಳಿಸುವಾಗ ಶರೀಫರ ಎಚ್ಚರಿಕೆ ಒಬ್ಬನ ಬಾಯಿಂದ ಊರಿನ ಬಾಯಿಗೆ ದಾಟುತ್ತದೆ. ಅದನ್ನು ನಷ್ಟದ ಲೆಕ್ಕಕ್ಕೆ ಹಾಕಲು ನಾನು ಒಪ್ಪುವುದಿಲ್ಲ. ನಾನು ಒಪ್ಪದ ಮರುಮುದ್ರಣ ಬೇರೆ: ಯಂತ್ರದ ತಾಳಕ್ಕೆ ಹೊಂದಿಸಲೆಂದು ಸೊಲ್ಲಿನ ಕೊನೆಯ ಎಳೆತವನ್ನೇ ಕತ್ತರಿಸಿದ್ದು. ಅಲ್ಲಿ ಎಷ್ಟು ದೊಡ್ಡ ಅತಿಥಿ ಬಂದರೂ ನಿಲ್ಲಲು ಜಾಗವಿರುವುದಿಲ್ಲ.

ವಯಸ್ಸಾದ ಹಾಡುಗಾರರು ಕುಗ್ಗಿದ ದನಿಯನ್ನು ಮೇಳದ ಹಿಂದೆ ಮರೆಮಾಚುತ್ತಾರೆ ಎಂಬ ಮಾತೂ ಉಂಟು. 2005ರಲ್ಲಿ ಅಶ್ವತ್ಥರಿಗೆ 65 ತುಂಬಿತ್ತು. ಏರುವ ಕಡೆ ಹತ್ತಾರು ಕಂಠಗಳು ಅವರ ಜೊತೆಗೂಡಿದರೆ ಅದು ಮರೆಮಾಚುವುದಲ್ಲ. ಮುಂದಿನವರು ಎತ್ತಿದ್ದನ್ನು ಹಿಂದಿನವರು ಹೊರುವುದು ಹಿಮ್ಮೇಳದ ಹಳೆಯ ಕೆಲಸ.