ಹಾಡು ಕಟ್ಟಿದವರಿಗೆ ಪೀಠ, ಕೇರಿಯವರಿಗೆ ದಂಡ

ಹಾಸನ ಜಿಲ್ಲೆಯಲ್ಲಿ 2015ರಲ್ಲಿ ಎರಡು ಸಂಗತಿ ನಡೆದವು. ವರ್ಷದ ಶುರುವಿಗೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 81ನೇ ಕನ್ನಡ ಸಾಹಿತ್ಯ ಸಮ್ಮೇಳನ. ಅಧ್ಯಕ್ಷ ಪೀಠದಲ್ಲಿ 'ಹೊಲೆಮಾದಿಗರ ಹಾಡು' ಬರೆದ ಸಿದ್ದಲಿಂಗಯ್ಯ. ಅದೇ ವರ್ಷ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರನ ಗುಡಿಯೊಳಕ್ಕೆ ಕಾಲಿಟ್ಟರು. ಮೇಲ್ಜಾತಿಯವರು ದಂಡ ಕಟ್ಟಿ ಅಂದರು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಸಿದ್ದಲಿಂಗಯ್ಯನವರ ಹಾಡುಗಳ ಬಗ್ಗೆ ಮಾತಾಡಿದರೆ ಅದು ವಿಮರ್ಶೆ ಆಗುವುದಿಲ್ಲ, ಬರೀ ಹೊಗಳಿಕೆ ಆಗುತ್ತೆ.

1954ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಈ ಕವಿ ಕಂಡ ಮೊದಲ ಜಗತ್ತು ಯಾವುದು? ಎತ್ತಿನ ಜಾಗದಲ್ಲಿ ಅಪ್ಪನ ಹೆಗಲಿಗೆ ನೊಗ ಕಟ್ಟಿ ಸಾಹುಕಾರನ ಹೊಲ ಉಳುತ್ತಿದ್ದ ನೋಟ. 'ಊರುಕೇರಿ' ಓದಿದವರಿಗೆ ಇದು ಗೊತ್ತು. ಬೆಂಗಳೂರಿನ ಹಾಸ್ಟೆಲಿನಲ್ಲಿ ಓದಿದ ಹುಡುಗ 1973ರ ಬೂಸಾ ಗಲಾಟೆಯಲ್ಲಿ ಬಸವಲಿಂಗಪ್ಪನವರ ಪರ ನಿಂತರು. ಎರಡೇ ವರ್ಷಕ್ಕೆ, 1975ರಲ್ಲಿ, ಮೊದಲ ಸಂಕಲನ ಬಂತು. ಬೂಸಾ ಎಂಬ ಮಾತಿಗೆ ಸಿಟ್ಟಾದವರಿಗೆ ಕೇರಿ ಕೊಟ್ಟ ಉತ್ತರ ಅದು.

ನವ್ಯರ ಪದ್ಯ ಒಬ್ಬನೇ ಕೂತು ಓದುವಂಥದ್ದು. ಸಿದ್ದಲಿಂಗಯ್ಯನವರದು ಹತ್ತು ಜನ ಕೂಡಿದರೆ ಮಾತ್ರ ಪೂರ್ತಿಯಾಗುತ್ತೆ. ಒಬ್ಬ ಎತ್ತಿಕೊಡಬೇಕು, ಉಳಿದವರು ಹಿಡೀಬೇಕು, ತಮಟೆ ಜೊತೆಗಿರಬೇಕು. ಅಕ್ಷರ ಬಾರದ ಅಜ್ಜಿಗೂ ಎರಡು ಸಲ ಕೇಳಿದರೆ ಬಾಯಿಗೆ ಬರುತ್ತೆ. ಹಾಗಾಗಿ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಅವು ಪುಸ್ತಕಕ್ಕಿಂತ ಮುಂದೆ ನಡೆದವು. ಕವಿಯ ಹೆಸರು ಗೊತ್ತಿಲ್ಲದವರೂ ಹಾಡಿದರು. ಜನಪ್ರಿಯತೆ ಎಂದರೆ ಇದು.

ಇನ್ನೊಂದು ಗುಟ್ಟಿದೆ. ಅವರ ಒಳ್ಳೆಯ ಹಾಡುಗಳು ಹೊಗಳುವುದಿಲ್ಲ, ಕೇಳುತ್ತವೆ. ನಲವತ್ತೇಳರ ಸ್ವಾತಂತ್ರ್ಯ ಯಾರ ಮನೆಗೆ ತಲುಪಿತು ಎಂದು ಲೆಕ್ಕ ಕೇಳುವ ಆ ಹಾಡನ್ನೇ ನೋಡಿ. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕುವವರೆಗೂ ಹಾಡು ಹಳತಾಗುವುದಿಲ್ಲ.

1979ರಲ್ಲಿ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಎಂದರೆ ಸಾಹಿತ್ಯ ಪರಿಷತ್ತು ಒಪ್ಪಲಿಲ್ಲ. ಅದಕ್ಕೆ ಎದುರಾಗಿಯೇ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಒಂದು ಗೋಷ್ಠಿಗೂ ಜಾಗ ಇಲ್ಲ ಎಂದ ಪರಿಷತ್ತು 36 ವರ್ಷದ ಮೇಲೆ ಪೀಠವನ್ನೇ ಬಿಟ್ಟುಕೊಟ್ಟಿತು. ಇದು ಚಳವಳಿಯ ಗೆಲುವು, ಅನುಮಾನ ಬೇಡ. ಆದರೆ ವ್ಯವಸ್ಥೆಗೆ ಒಂದು ಜಾಣತನವಿದೆ: ಹಾಡಿದವನಿಗೆ ಹಾರ ಹಾಕಿ ಹಾಡು ಕೇಳಿದ ಪ್ರಶ್ನೆಯನ್ನು ಮರೆಸುವುದು.

ಕವಿಯೂ ಬದಲಾದರು. ಪುಟ್ಟಣ್ಣ ಕಣಗಾಲರ 'ಧರಣಿ ಮಂಡಲ ಮಧ್ಯದೊಳಗೆ' ಚಿತ್ರಕ್ಕೆ ಒಲವಿನ ಹಾಡು ಬರೆದರು. ಅದನ್ನು ತಪ್ಪೆನ್ನುವುದು ಮಡಿವಂತಿಕೆ. ದಲಿತನಿಗೆ ಸಿಟ್ಟು ಮಾತ್ರ ಸಾಕು, ಪ್ರೀತಿ ಬೇಡವಾ? ಆದರೆ 1988ರಿಂದ ವಿಧಾನ ಪರಿಷತ್ತು, ಆಮೇಲೆ ಪ್ರಾಧಿಕಾರದ ಕುರ್ಚಿಗಳು ಬಂದವು. ಬೆಂಕಿಯ ಜಾಗಕ್ಕೆ ನಗೆ ಬಂತು. 'ಊರುಕೇರಿ'ಯ ನಗೆ ಮೇಲ್ಜಾತಿಯ ಓದುಗನನ್ನೂ ಒಳಕ್ಕೆ ಕರೆಯುತ್ತೆ, ಅದು ಅದರ ಶಕ್ತಿ. ನಕ್ಕವನು ತನ್ನ ಪಾಲಿನ ಲೆಕ್ಕ ಕೊಡದೆಯೇ ಎದ್ದು ಹೋಗಬಹುದು, ಅದು ಅದರ ಮಿತಿ. ಮೊದಲ ಹಾಡುಗಳು ಯಾರನ್ನೂ ಹಾಗೆ ಬಿಡುತ್ತಿರಲಿಲ್ಲ.

2021ರ ಜೂನ್ 11ರಂದು ಕೊರೊನಾ ಅವರನ್ನು ಕೊಂಡೊಯ್ಯಿತು. ಮರುವರ್ಷ ಪದ್ಮಶ್ರೀ ಬಂತು. ಇನ್ನು ಪ್ರತಿಮೆ, ಜಯಂತಿ, ಪ್ರಾರ್ಥನೆ ಗೀತೆ ಶುರುವಾದರೆ ಹಾಡು ಸತ್ತಂತೆ.

ಹಾಸನದ ಹಾಸ್ಟೆಲಿನ ಗೆಳೆಯರೇ, ಅರಕಲಗೂಡಿನ ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಈ ಹಾಡುಗಳನ್ನು ವೇದಿಕೆ ಮೇಲೆ ಸ್ವಾಗತಕ್ಕೆ ಹಾಡಿಸಬೇಡಿ. ಹೊಗೆಸೊಪ್ಪಿನ ಹೊಲದಲ್ಲಿ ಕೂಲಿ ಎಷ್ಟು, ಬಿಸಿಯೂಟದ ಪಂಕ್ತಿ ಒಂದೇ ಇದೆಯಾ, ಗುಡಿಯ ಬಾಗಿಲು ಯಾರಿಗೆ ತೆರೆದಿದೆ ಎಂದು ಮಕ್ಕಳಿಂದ ಕೇಳಿಸಿ, ಆಮೇಲೆ ಹಾಡಿಸಿ. ಸಿಗರನಹಳ್ಳಿಯ ಹೆಣ್ಣುಮಕ್ಕಳು ಗುಡಿಯ ಹೊಸಿಲು ದಾಟಿದಾಗ ಕೇಳಿದ್ದೂ ಆ ನಲವತ್ತೇಳರ ಪ್ರಶ್ನೆಯನ್ನೇ. ಅದಕ್ಕೆ ಉತ್ತರ ಕೊಡಬೇಕಾದವರು ಇನ್ನೂ ಕೊಟ್ಟಿಲ್ಲ.